ಗಟ್ಟಿಯಾಗಿ ಓದುವ ಅಧ್ಯಕ್ಷೆ

“ಮನಸ್ಸಲ್ಲೇ ಓದ್ಕಳಮ್ಮೋ! ಒಂದ್ನೇ ಕ್ಲಾಸ್ ಐಕ್ಳಂಗೆ ಅರಚ್‌ಬ್ಯಾಡ. ಸೈನ್ ಆಕು!”

“ಮನಸ್ಸಲ್ಲಿ ಓದಕ್ಕೆ ನಂಗೆ ಬರದಿಲ್ಲ ಸಾ. ಬಾಯ್ಬುಟ್ಟು ಓದುದ್ರೇನೆ ತಲೆಗೆ ಅತ್ತೋದು. ಸುಮ್ಕೆ ಕುಂತ್ಕಳಿ.”

ಮೇಜು ಕುಟ್ಟುತ್ತಿರುವವರು ಸದಸ್ಯ ಪ್ರಭುಸ್ವಾಮಿ. ಸಾಲಿನ ಕೆಳಗೆ ಬೆರಳಿಟ್ಟು ಕೂತವರು ಕೇತಮ್ಮ, ಹನೂರು ತಾಲ್ಲೂಕಿನ ಕಾಡಂಚಿನ ಕೀರೆಗುಡ್ಡ ಪಂಚಾಯಿತಿಯ ಅಧ್ಯಕ್ಷೆ. ಮುಂದಿರುವುದು ಊರಿನ ಗ್ರಂಥಾಲಯದ ಕಾಗದ. ರಿಪೇರಿಯದು ಎಂದು ಪ್ರಭುಸ್ವಾಮಿ ಹೇಳಿದ್ದಾರೆ. ಹೇಳಿದ್ದನ್ನು ನಂಬಿ ಸಹಿ ಹಾಕಿದ ಅಧ್ಯಕ್ಷರನ್ನು ಈ ಊರು ಬೇಕಾದಷ್ಟು ನೋಡಿದೆ. ಈಕೆ ಬೇರೆ.

ಇವತ್ತು ಬೆಳಿಗ್ಗೆ ಆರಕ್ಕೇ ಕೇತಮ್ಮ ಅದೇ ಗ್ರಂಥಾಲಯವನ್ನು ಗುಡಿಸಿದ್ದಾರೆ. ಹದಿನಾಲ್ಕು ವರ್ಷ ಅಲ್ಲಿ ಕಸ ಗುಡಿಸುವುದೇ ಅವರ ಕೆಲಸವಾಗಿತ್ತು. ಅಧ್ಯಕ್ಷೆಯಾದ ಮೇಲೂ ಪೊರಕೆ ಬಿಟ್ಟಿಲ್ಲ. ಗುಡಿಸಿ, ಪೇಪರು ಬಿಡಿಸಿ, ಮೊದಲ ಬಸ್ಸು ಬರುವವರೆಗೆ ಗಟ್ಟಿಯಾಗಿ ಓದುತ್ತಾರೆ. ಜಗಲಿಯಲ್ಲಿ ಬಸ್ಸಿಗೆ ಕಾಯುವ ಕೂಲಿ ಹೆಂಗಸರಿಗೆ ಸುದ್ದಿ ಪುಕ್ಕಟೆ.

ಅಕ್ಷರ ಕಲಿತಾಗ ಅವರಿಗೆ ಮೂವತ್ತೊಂದು. ಕಲಿಸಿದವರು ಕೊಳ್ಳೇಗಾಲದಿಂದ ಬರುವ ಗ್ರಂಥಪಾಲಕಿ ಶಿವರತ್ನಮ್ಮ. “ಒತ್ತಕ್ಷರನೆಲ್ಲ ಕಸದ ಜೊತೆ ಗುಡಿಸ್ಬುಟ್ಯಾ ಕೇತಿ ಅಂತ ನಗೋರು ಅಕ್ಕ,” ಎನ್ನುತ್ತಾರೆ ಕೇತಮ್ಮ. ಕಪಾಟಿನ ಮುನ್ನೂರ ಹನ್ನೆರಡು ಪುಸ್ತಕಗಳಲ್ಲಿ ಓದಲು ಇನ್ನು ನಲವತ್ತು ಬಾಕಿ.

ಸದ್ದಿಲ್ಲದೆ ಓದಲು ಇಂದಿಗೂ ಬಾರದು. ಹಾಗಾಗಿ ಅವರ ಸಭೆಯಲ್ಲಿ ಗುಟ್ಟು ಉಳಿಯುವುದಿಲ್ಲ, ಕಿಟಕಿಯಾಚೆ ನಿಂತವರಿಗೂ ಕೇಳಿಸುತ್ತದೆ. ಪ್ರಭುಸ್ವಾಮಿಯ ಉರಿ ಅದಕ್ಕೇ.

“ಸದರಿ ಕ...ಟ್ಟಡವನ್ನು ತೆ...ರವು ಗೊಳಿಸಿ, ಅಂಗಡಿ ಮಳಿಗೆ...” ಬೆರಳು ನಿಲ್ಲುತ್ತದೆ.

“ತೆರವು ಅಂದ್ರೆ ರಿಪೇರಿನೇ ಕಣಮ್ಮ,” ಎನ್ನುತ್ತಾರೆ ಪ್ರಭುಸ್ವಾಮಿ.

ಆ ಪದವನ್ನು ಕೇತಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಕಾಡೊಳಗೆ ತಾವು ವಾಸವಿದ್ದ ಸೋಲಿಗರ ಪೋಡು ಖಾಲಿ ಮಾಡಬೇಕೆಂಬ ಕಾಗದಕ್ಕೆ ಅವರಪ್ಪ ಬೆಳ್ಳಯ್ಯ, ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿದ್ದರು. ಓದಲು ಬಂದಮೇಲೆ ಮಗಳು ಟ್ರಂಕಿನಿಂದ ತೆಗೆದು ಓದಿದ ಮೊದಲ ಕಾಗದ ಅದು.

“ಈ ಮಾತು ನಮ್ಮಪ್ಪನ ಹೆಬ್ಬೆಟ್ಟಿನ ಮ್ಯಾಲದೆ ಸಾ. ಇದ್ರರ್ಥ ನಂಗೇ ಏಳ್ಕೊಡ್ತೀರಾ?”

ಸಹಿ ಹಾಕದೆಯೇ ಕೇತಮ್ಮ ಪೆನ್ನಿಗೆ ಮುಚ್ಚಳ ಹಾಕುತ್ತಾರೆ. ಕಿಟಕಿಯಾಚೆಯಿಂದ ಕೂಲಿ ಹೆಂಗಸು ದೊಡ್ಡಬಸಮ್ಮ ಕೂಗುತ್ತಾರೆ: “ಇನ್ನೊಂದ್ಸಲ ಓದವ್ವಾ, ಇತ್ತಗೂ ಕೇಳ್ಲಿ!”

ಕೇತಮ್ಮ ಮೊದಲಿಂದ ಓದುತ್ತಾರೆ. ಮುಗಿಸಿ, ಗ್ರಂಥಾಲಯದ ವಿಷಯವೆಂದು ಬಂದು ಮೂಲೆಯಲ್ಲಿ ನಿಂತ ಶಿವರತ್ನಮ್ಮನ ಕಡೆ ನೋಡಿ, “ಒತ್ತಕ್ಷರ ಒಂದೂ ಬುಡ್ಲಿಲ್ಲ ಕಣಕ್ಕ,” ಎನ್ನುತ್ತಾರೆ.

ಪ್ರಭುಸ್ವಾಮಿ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ. ಆಮೇಲಿನ ಮೂರು ಸಭೆಗಳಿಗೂ ಅವರು ಬರುವುದಿಲ್ಲ.