ನಾಲ್ಕಕ್ಕೆ ಮೂಲೆ, ಆರಕ್ಕೆ ಹೊಟ್ಟೆ

ಬೆಳಿಗ್ಗೆ ಆರೂಕಾಲು. ಬಿಡಿಭಾಗದ ಅಂಗಡಿಯ ಶಟರ್ ಇನ್ನೂ ಸೊಂಟದ ಮಟ್ಟಕ್ಕಷ್ಟೇ ಎದ್ದಿದೆ. ಎದುರಿಗೆ ಬಿಳಿ ಟ್ಯಾಕ್ಸಿಯೊಂದು ಬಾನೆಟ್ ತೆರೆದು ನಿಂತಿದೆ. ಕೌಂಟರಿನ ಹೆಂಗಸು ತಣಿದ ಎಂಜಿನ್ನಿನ ಹಿಂದಕ್ಕೆ ಎಡಗೈಯನ್ನು ಮೊಣಕೈವರೆಗೆ ಇಳಿಸಿ ಕಣ್ಣು ಮುಚ್ಚಿದ್ದಾರೆ. ಪಕ್ಕದಲ್ಲಿ ಚಾಲಕ ಚಡಪಡಿಸುತ್ತಿದ್ದಾನೆ. ಟೈಮಿಂಗ್ ಬೆಲ್ಟ್ ಬದಲಿಸದೆ ಅವನ ಗಾಡಿ ಇವತ್ತು ರಸ್ತೆಗಿಳಿಯುವಂತಿಲ್ಲ.

ಈ ಕಾರು ಹಾದಿಗೊಂದು ಬೀದಿಗೊಂದು. ಹೆಸರು ಒಂದೇ, ಮೈ ಒಂದೇ. ಒಳಗಿನ ಎಂಜಿನ್ ಮೂರು ಬಗೆ, ಒಂದೊಂದಕ್ಕೂ ಬೆಲ್ಟ್ ಬೇರೆ. ಡೀಸೆಲ್ಲಿನದು ಕೆಮ್ಮಿಯೇ ಗುರುತು ಹೇಳುತ್ತದೆ. ತಲೆನೋವು ಸಣ್ಣ ಪೆಟ್ರೋಲ್, ದೊಡ್ಡ ಪೆಟ್ರೋಲ್ ಎಂಬ ಅವಳಿಜವಳಿಯದು. ಕಾರಿನ ಹಿಂಬದಿಗೆ ಅಂಟಿಸಿದ ಅಕ್ಷರ ನಂಬೋಣವೆಂದರೆ, ಸಣ್ಣದರ ಯಜಮಾನನೂ ದೊಡ್ಡದರ ಅಕ್ಷರ ತಂದು ಅಂಟಿಸಿಕೊಂಡಿರುತ್ತಾನೆ. ವರ್ಷ ನಂಬೋಣವೆಂದರೆ, ಎಂಜಿನ್ ಬದಲಾದ ಮೇಲೂ ಕಾರ್ಖಾನೆಯವರು ಉಳಿದ ಹಳೆಯವನ್ನು ಖಾಲಿಯಾಗುವತನಕ ತುರುಕಿದ್ದಾರೆ. ನಿಜ ಹೇಳುವುದು ಎಂಜಿನ್ನಿನ ಹಿಂದೆ, ಪೈಪಿನಡಿ ಒತ್ತಿದ ನಂಬರಿನ ಮೂರನೇ ಅಂಕಿ. ಸಣ್ಣದಕ್ಕೆ 4, ದೊಡ್ಡದಕ್ಕೆ 6. ಅಲ್ಲಿಗೆ ಕಣ್ಣು ಹೋಗುವುದಿಲ್ಲ, ಬೆರಳು ಹೋಗುತ್ತದೆ.

“ನಾಲ್ಕಕ್ಕೆ ಮೂಲೆ ಇರತ್ತೆ, ಆರಕ್ಕೆ ಹೊಟ್ಟೆ. ಅಷ್ಟೇ ವಿದ್ಯೆ,” ಎನ್ನುತ್ತಾರೆ. ಮೆಕ್ಯಾನಿಕ್ಕುಗಳ ಬಾಯಲ್ಲಿ ಇವರು ಬೆರಳಕ್ಕ.

ಓದಿದ್ದು ಏಳನೇ ಕ್ಲಾಸು. ಗಂಡ ಹಾಸಿಗೆ ಹಿಡಿದಾಗ ಇದೇ ಅಂಗಡಿಗೆ ಕಸ ಗುಡಿಸಲು ಬಂದರು. ಇಪ್ಪತ್ತೆರಡು ವರ್ಷವಾಯಿತು. ಈಗ ದಿನಕ್ಕೆ ನಲವತ್ತು ಗಿರಾಕಿ, ಅದರಲ್ಲಿ ಹತ್ತು ಹನ್ನೆರಡು ಇದೇ ಕಾರು. ತೋರುಬೆರಳಿನ ತುದಿ ಸವೆದು ನುಣ್ಣಗಾಗಿದೆ. ಅಮ್ಮ ತಲೆ ಸವರಿದರೂ ನಂಬರ್ ಹುಡುಕಿದ ಹಾಗಿರುತ್ತದೆ ಎಂದು ಮಗಳ ತಕರಾರು.

ಕೌಂಟರಿನ ಹಿಂದೆ ಮೊಳೆಯೊಂದಕ್ಕೆ ಹರಿದ ಬೆಲ್ಟ್ ನೇತುಹಾಕಿದ್ದಾರೆ. ಸುರುವಿನಲ್ಲಿ ಒಮ್ಮೆ ಜನ ಜಾಸ್ತಿಯೆಂದು ಹೊರಗೆ ಹೋಗದೆ, ವರ್ಷ ಕೇಳಿಯೇ ಕೊಟ್ಟಿದ್ದರು. ಸಣ್ಣದರ ಬೆಲ್ಟು ದೊಡ್ಡದಕ್ಕೂ ಕೂರುತ್ತದೆ, ಓಡುತ್ತದೆ. ಅಗಲ ಮೂರು ಮಿಲಿಮೀಟರ್ ಕಡಿಮೆ. ಐದು ತಿಂಗಳಿಗೆ ಹರಿದು ಎಂಜಿನ್ ನುಜ್ಜುಗುಜ್ಜು. ಆ ಗಾಡಿಯ ಚಾಲಕ ಹನ್ನೊಂದು ದಿನ ದುಡಿಮೆಯಿಲ್ಲದೆ ಮನೆಯಲ್ಲಿ ಕೂತ. “ಅವನು ಬೈಲಿಲ್ಲ. ಬೈದಿದ್ರೆ ಮರೆತುಬಿಡ್ತಿದ್ದೆ.”

ಈ ವಿದ್ಯೆಗೆ ಸರ್ಟಿಫಿಕೇಟ್ ಕೊಡುವ ಕಾಲೇಜಿಲ್ಲ. ಸರ್ಟಿಫಿಕೇಟ್ ಇಲ್ಲದ್ದು ವಿದ್ಯೆಯೇ ಅಲ್ಲ ಎನ್ನುವವರಿಗೆ ಮಾತ್ರ ಕೊರತೆಯಿಲ್ಲ. ಕಳೆದ ತಿಂಗಳು ಮಾಲೀಕರು ಕಂಪ್ಯೂಟರ್ ತಂದರು. ಗಾಡಿಯ ವರ್ಷ ಒತ್ತಿದರೆ ಬಿಡಿಭಾಗದ ಡಬ್ಬದ ನಂಬರ್ ಬರುತ್ತದೆ. ಅದರ ಮುಂದೆ ಅವರ ಅಳಿಯ. ಸೋಮವಾರದಿಂದ ಅಕ್ಕ ಗೋದಾಮಿನಲ್ಲಿ ಡಬ್ಬ ಕಟ್ಟಬೇಕು. ಸಂಬಳ ಅಷ್ಟೇ ಇರುತ್ತಲ್ಲ, ಇನ್ನೇನು ಎಂದರಂತೆ ಮಾಲೀಕರು. ಇಪ್ಪತ್ತೆರಡು ವರ್ಷಕ್ಕೆ ಒಂದು “ಇನ್ನೇನು”.

ಇವತ್ತು ಶನಿವಾರ. ಈ ಟ್ಯಾಕ್ಸಿಗೆ ಕಂಪ್ಯೂಟರ್ ಸಣ್ಣದರ ಬೆಲ್ಟು ಹೇಳಿಯಾಗಿದೆ, ಡಬ್ಬ ಚಾಲಕನ ಕೈಗೂ ಬಂದಿದೆ. ಅಕ್ಕ ತಡೆದು ಬಾನೆಟ್ ತೆಗೆಸಿದ್ದಾರೆ.

“ಆರು,” ಎಂದು ಕೈ ಹೊರಗೆಳೆಯುತ್ತಾರೆ.

ಅಳಿಯ ನಗುತ್ತಾನೆ. “ಏನಕ್ಕ, ಕಂಪ್ಯೂಟರಿಗೆ ಕಣ್ಣಿಲ್ವಾ?”

“ಕಣ್ಣಿದೆಯಪ್ಪ. ಬೆರಳಿಲ್ಲ.”

ಅವನು ಜಿಡ್ಡು ಒರೆಸಿ, ಪೈಪಿನಡಿ ಮೊಬೈಲ್ ತೂರಿಸಿ ಫೋಟೊ ತೆಗೆಯುತ್ತಾನೆ. ಮೂರನೇ ಸಲಕ್ಕೆ ಅಂಕಿ ಸ್ಪಷ್ಟವಾಗಿ ಬೀಳುತ್ತದೆ. ಆರು. ಒಳಗೆ ಹೋಗಿ ಅಗಲದ ಬೆಲ್ಟ್ ತರುತ್ತಾನೆ. ಆಮೇಲೆ ಇಸ್ತ್ರಿಯ ಅಂಗಿಯ ತೋಳು ಮಡಚಿ, ಕೈ ಎಲ್ಲಿ ಇಡಬೇಕೆಂದು ಕೇಳುತ್ತಾನೆ.

“ಎಡಗೈ ಹಾಕು. ಬಲಗೈಗೆ ಪೈಪು ಅಡ್ಡ ಬರತ್ತೆ.”

ಮಾಲೀಕರು ಮಾತು ಬದಲಿಸಿಲ್ಲ. ಸೋಮವಾರ ಗೋದಾಮು ಗೋದಾಮೇ. ಬೇಜಾರಿಲ್ಲವೇ ಎಂದರೆ ಅಕ್ಕ ಬೆರಳಿನ ಜಿಡ್ಡನ್ನು ಬಟ್ಟೆಗೆ ಒರೆಸುತ್ತಾ ಅಳಿಯನ ಕಡೆ ನೋಡುತ್ತಾರೆ. ಅವನ ಕಣ್ಣು ಮುಚ್ಚಿದೆ, ಕೈ ಎಂಜಿನ್ನಿನೊಳಗಿದೆ.

“ಕೌಂಟರಲ್ಲಿ ಮುಟ್ಟಿ ನೋಡೋ ಒಂದು ಕೈ ಇರಲಿ ಅಂತ ಆಸೆ. ಯಾರದಾದ್ರೂ ಸರಿ.”