ಟವಲಿನ ಕೆಳಗೆ ಸ್ಪೋರ್ಟ್ಸ್ ಕಾರು

ನಮ್ಮ ಚಿಕ್ಕಪ್ಪ ಕಾರು ಕೊಳ್ಳಲು ಹೋದವರೇ ಅಲ್ಲ. ಮೈಸೂರಿನ ಒಂದು ಹಳೇ ಬಂಗಲೆಯಲ್ಲಿ ಡೀಸೆಲ್ ಪಂಪ್‌ಸೆಟ್ಟು ಮಾರಾಟಕ್ಕಿದೆ ಎಂದು ಕೇಳಿ ಹೋಗಿದ್ದರು. ಬಂಗಲೆಯ ಮುದುಕಿ, ಪಂಪ್‌ಸೆಟ್ಟು ಬೇಕಾದರೆ ಅದರ ಪಕ್ಕದಲ್ಲಿ ಬಿದ್ದಿರುವ ಕಾರನ್ನೂ ಹೊತ್ತುಕೊಂಡು ಹೋಗಬೇಕು, ಬಿಡಿಯಾಗಿ ಕೊಡುವುದಿಲ್ಲ ಎಂದು ಹಟ ಹಿಡಿದರಂತೆ. ಹೀಗೆ ತೊಂಬತ್ತರ ದಶಕದ ಒಂದು ಮಧ್ಯಾಹ್ನ, ಕಬ್ಬಿನ ಟ್ರಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು, ಪಾಂಡವಪುರದ ನಮ್ಮ ದನದ ಕೊಟ್ಟಿಗೆಗೆ ಒಂದು ವಿಲಾಯಿತಿ ಸ್ಪೋರ್ಟ್ಸ್ ಕಾರು ಬಂತು. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ತಲೆಯ ಮೇಲೆ ಏನೂ ಇಲ್ಲ. ಪಂಪ್‌ಸೆಟ್ಟು ಮಾರನೇ ದಿನವೇ ಗದ್ದೆಗೆ ಹೋಯಿತು. ಕಾರಿನಲ್ಲಿ ಕೋಳಿ ಮೊಟ್ಟೆ ಇಟ್ಟಿತು.

ನನಗಾಗ ಹತ್ತೊಂಬತ್ತು. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಚಿಕ್ಕಪ್ಪನ ಟ್ರಾಕ್ಟರಿಗೆ ಗ್ರೀಸು ಹಚ್ಚಿಕೊಂಡು ಬಿದ್ದಿದ್ದೆ. ಯಾವ ಗುರುವಿನ ಕೈಕೆಳಗೂ ಕೆಲಸ ಕಲಿತವನಲ್ಲ. ಮೈಸೂರಿನ ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತಿದ್ದ ಇಂಗ್ಲಿಷ್ ಕಾರು ಪತ್ರಿಕೆಗಳೇ ನನ್ನ ಕಾಲೇಜು. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಸ್ಪ್ಯಾನರು ಹಿಡಿದು ಊಹಿಸುತ್ತಿದ್ದೆ. ಎರಡು ವರ್ಷ ಆ ಕಾರಿನ ಕೆಳಗೆ ಮಲಗಿದೆ. ಇಂಜಿನ್ ಬಿಚ್ಚಿದೆ, ಕಟ್ಟಿದೆ, ಮಿಕ್ಕಿದ ನಾಲ್ಕು ನಟ್ಟು ನೋಡಿ ಹೆದರಿ ಮತ್ತೆ ಬಿಚ್ಚಿದೆ. ಬಲಗಡೆಯ ದೀಪ ಎಲ್ಲೂ ಸಿಗದೆ ಟ್ರಾಕ್ಟರಿನದು ಕೂರಿಸಿದೆ. ಶಾಮಿಯಾನ ಹೊಲಿಯುವವನ ಕೈಯಲ್ಲಿ ಮಡಚುವ ಚಾವಣಿ ಹೊಲಿಸಿದೆ. ಅವನು ಅಭ್ಯಾಸಬಲದಿಂದ ಅಂಚಿಗೆ ಹಳದಿ ಝಾಲರಿ ಇಟ್ಟುಬಿಟ್ಟ. ಕೊನೆಗೊಂದು ದಿನ ಕಾರು ಕೆಮ್ಮಿ, ಸೀನಿ, ಓಡಿತು. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಅದು ಹೋಗುತ್ತಿದ್ದರೆ ಕಬ್ಬಿನ ಗಾಡಿಯ ಎತ್ತುಗಳು ಕೂಡ ತಿರುಗಿ ನೋಡುತ್ತಿದ್ದವು.

ಆಗ ಚಿಕ್ಕಪ್ಪ, ‘ಓಡ್ತಲ್ಲ, ಇನ್ ಮಾರು’ ಅಂದರು.

ಮಾರುವುದು ಸರಿ, ಎಷ್ಟಕ್ಕೆ? ನನ್ನ ಪತ್ರಿಕೆಯಲ್ಲಿ ಒಂದು ಸೂತ್ರವಿತ್ತು. ನಿಮ್ಮ ಆಸುಪಾಸಿನಲ್ಲಿ ಈಚೆಗೆ ಮಾರಾಟವಾದ ಅಂಥದೇ ಮೂರು ವಾಹನಗಳ ಬೆಲೆ ಹಿಡಿಯಿರಿ, ಸರಾಸರಿ ತೆಗೆಯಿರಿ, ಒಳ್ಳೆಯದಕ್ಕೆ ಕೂಡಿಸಿ, ಕೆಟ್ಟದ್ದಕ್ಕೆ ಕಳೆಯಿರಿ. ನಮ್ಮ ಆಸುಪಾಸಿನಲ್ಲಿ ಎರಡು ಸೀಟಿನದು ಎಂದು ಮಾರಾಟವಾಗಿದ್ದು ಸ್ಕೂಟರು ಮಾತ್ರ. ಹಾಗಾಗಿ ಶ್ರೀರಂಗಪಟ್ಟಣದಲ್ಲಿ ಮಾರಾಟವಾದ ಒಂದು ಟ್ಯಾಕ್ಸಿ, ನಮ್ಮ ಬೀದಿಯವರೊಬ್ಬರ ದೊಡ್ಡ ಮೋಟಾರು ಸೈಕಲ್ಲು, ಪಕ್ಕದ ಮನೆಯ ಒಂದು ಜೊತೆ ಹಳ್ಳಿಕಾರ್ ಎತ್ತು, ಈ ಮೂರನ್ನೂ ಕೂಡಿ ಮೂರರಿಂದ ಭಾಗಿಸಿದೆ. ಹೊಸ ಚಾವಣಿಗೆ ಕೂಡಿದೆ, ಝಾಲರಿಗೆ ಕಳೆದೆ. ಐವತ್ತೆಂಟು ಸಾವಿರದ ನಾನೂರು ಬಂತು. ಆ ನಾನೂರು ಎಲ್ಲಿಂದ ಬಂತು ಎಂದು ಈಗ ಕೇಳಬೇಡಿ. ಆಗ ನನಗೆ ಇಡೀ ಲೆಕ್ಕದಲ್ಲಿ ಬಹಳ ಶಾಸ್ತ್ರೀಯವಾಗಿ ಕಂಡಿದ್ದು ಅದೇ.

ಅಜ್ಜಿಯ ಸೂತ್ರ ಬೇರೆ ಇತ್ತು. ‘ನಾಕ್ ಜನ ಕೂರೋ ಕಾರ್ಗೆ ಎಷ್ಟ್ಲಾ? ಅದ್ರಲ್ಲಿ ಅರ್ಧ ಮಾಡು. ಸೂರಿಲ್ದೇ ಇರಾದ್ಕೆ ಇನ್ನ ವಸಿ ಇಳ್ಸು.’

ನಾನು ರಟ್ಟಿನ ಮೇಲೆ 58,400 ಎಂದು ಬರೆದು ಗಾಜಿಗೆ ಸಿಕ್ಕಿಸಿ ಪಾಂಡವಪುರದ ಸಂತೆಯಲ್ಲಿ ಕಾರು ನಿಲ್ಲಿಸಿದೆ. ಸಂತೆಗೆ ಬಂದವರೆಲ್ಲ ಬಂದು ನೋಡಿದರು, ಹಾರನ್ನು ಒತ್ತಿದರು, ಹೋದರು. ಸೊಪ್ಪು ಮಾರುವವನೊಬ್ಬ ತನ್ನ ಜೊತೆಯವನಿಗೆ ನನ್ನೆದುರೇ ವಿವರಿಸಿದ: ‘ರೇಟ್ ಬರ್ದವ್ನೆ ಅಂದ್ರೆ ಎಲ್ಲೋ ಮುರ್ದೋಗೈತೆ ಕಣ್ಲಾ. ಸರ್ಯಾಗಿರೋ ಮಾಲ್ಗೆ ಯಾವನ್ಲಾ ರೇಟ್ ಬರೀತಾನೆ?’

ಬಂದ ಒಬ್ಬನೇ ಗಿರಾಕಿ ಶ್ರೀರಂಗಪಟ್ಟಣದ ಹೋಟೆಲಿನ ಮಾಲೀಕ. ಆತ ಇಂಜಿನ್ ನೋಡಲೇ ಇಲ್ಲ. ಟೇಪು ತಂದು ಉದ್ದ ಅಗಲ ಅಳೆದ. ‘ಇಂಜಿನ್ನು ನೀನೇ ತಗ್ದು ಮಡೀಕ. ಆ ಜಾಗ್ದಲ್ಲಿ ಕ್ರೋಟನ್ ಗಿಡ ಇಡ್ತೀನಿ. ಟೂರಿಸ್ಟ್‌ಗಳು ಕುಂತು ಫೋಟೋ ತಗ್ಸ್ಕತಾರೆ. ಇಪ್ಪತ್ತೈದು.’

ಚಿಕ್ಕಪ್ಪನ ಮುಖ ಅರಳಿತು. ನನ್ನದು ಬಾಡಿತು. ಸ್ಟೇಷನ್ ರಸ್ತೆಯಲ್ಲಿ ಒಂದು ಶೆಡ್ಡು ಖಾಲಿ ಇತ್ತು. ಅದರ ಅಡ್ವಾನ್ಸು, ಒಂದು ಹಳೇ ಕಂಪ್ರೆಸರು, ಒಂದು ಸೆಟ್ಟು ಸ್ಪ್ಯಾನರು ಆದರೆ ನನ್ನದೇ ವರ್ಕ್‌ಶಾಪು. ಎರಡು ವರ್ಷ ಕಾರಿನ ಕೆಳಗೆ ಕಂಡ ಕನಸು ಅದೊಂದೇ. ಅದನ್ನು ಚಿಕ್ಕಪ್ಪನಿಗೆ ಹೇಳಿದೆ. ಅವರು ಹಲ್ಲಿಗೆ ಹಾಕಿಕೊಂಡಿದ್ದ ಕಡ್ಡಿ ತೆಗೆದು ಎಸೆದರು.

‘ನಂಗೆ ಇಪ್ಪತ್ತೈದು ಬಂದ್ರೆ ಸಾಕು. ಮ್ಯಾಲೆ ಬಂದಿದ್ದೆಲ್ಲ ನಿಂದು. ಬರೋ ಭಾನ್ವಾರದ್ ಗಂಟ ಟೈಮು. ಅವತ್ತು ಓಟ್ಲಿನವ್ನು ಬತ್ತಾನೆ. ಆಮ್ಯಾಕೆ ನಿನ್ ಇಂಜಿನ್ನ ನೀನು ಎದೆ ಮ್ಯಾಲ್ ಮಡಿಕ್ಕಂಡ್ ಮನಿಕ.’

ನನ್ನ ಕಷ್ಟ ನೋಡಲಾರದೆಯೋ, ತಮಾಷೆ ನೋಡಲೆಂದೋ, ಚಿಕ್ಕಪ್ಪನೇ ಒಬ್ಬ ದಲ್ಲಾಳಿಯನ್ನು ಗೊತ್ತು ಮಾಡಿದರು. ಕೆ.ಆರ್. ಪೇಟೆ ಕಡೆ ಗೋವಿಂದನಹಳ್ಳಿಯ ಹತ್ತಿರದವನು, ಎತ್ತಿನ ದಲ್ಲಾಳಿ. ಅರವತ್ತರ ಮೇಲಿನ ವಯಸ್ಸು, ಹೆಗಲ ಮೇಲೆ ಒಂದು ಟವಲು, ಅದನ್ನು ಎಂದಾದರೂ ಒಗೆದ ಲಕ್ಷಣವಿರಲಿಲ್ಲ. ಆತ ಕಾರಿನ ಸುತ್ತ ಒಂದು ಸುತ್ತು ಬಂದ. ಬಾನೆಟ್ ಎತ್ತಿ, ಎತ್ತಿನ ಬಾಯಿ ತೆರೆದು ನೋಡುವ ಹಾಗೆ ತಲೆ ವಾಲಿಸಿ ನೋಡಿದ.

‘ವಯಸ್ಸು?’

‘ಮೂವತ್ತು ವರ್ಷ.’

‘ಎತ್ತಾಗಿದ್ರೆ ಗುಂಡಿ ತೋಡ್ಬೇಕಾಗಿತ್ತು. ಪರ್ವಾಗಿಲ್ಲ, ಗಟ್ಟಿ ತಳಿ. ಇಂದ್ಗಡೆ ಎಡಕ್ಕೆ ಇದೇನ್ಲಾ ಗೀರು?’

‘ಕೊಟ್ಟಿಗೇಲಿ ಎಮ್ಮೆ ಕೊಂಬು ಉಜ್ಜಿದ್ದು.’

‘ಅದ್ನ ಯಾರ್ಗೂ ಯೋಳ್ಬ್ಯಾಡ. ಮೊದ್ಲು ಆ ರಟ್ಟು ಕಿತ್ತಾಕು.’

ಬುಧವಾರ ಆತ ಹೇಳಿದಂತೆ ಕೆ.ಆರ್. ಪೇಟೆಯಿಂದಾಚೆ, ನಾಗಮಂಗಲದ ರಸ್ತೆಯ ಒಂದು ಟೀ ಅಂಗಡಿಯ ಮುಂದೆ ಕಾರು ತಂದು ನಿಲ್ಲಿಸಿದೆ. ಚಿಕ್ಕಪ್ಪನೂ ಜೊತೆಗಿದ್ದರು. ಗಿರಾಕಿ ನಾಗಮಂಗಲದ ತೆಂಗಿನಕಾಯಿ ವ್ಯಾಪಾರಿ. ತನ್ನ ಕಾಯಿ ಮಂಡಿಯೊಳಗೆ ಸರಿಯಾಗಿ ಹಿಡಿಸುವಂಥ ಆಳು, ಕಾರಿನೊಳಗೆ ಹಿಡಿಸುವಂಥವನಲ್ಲ. ಜೊತೆಗೆ ಅವನ ಅಣ್ಣನೂ ಬಂದಿದ್ದ. ಒಟ್ಟು ಕುಟುಂಬ, ಮಂಡಿಯ ಗಲ್ಲಾಪೆಟ್ಟಿಗೆಯ ಬೀಗದ ಕೈ ಅಣ್ಣನ ಉಡಿದಾರದಲ್ಲಿ. ಅಣ್ಣ ಸಣಕಲ, ಟೀ ಕೂಡ ಬೇಡವೆಂದ. ಟೀ ಕುಡಿದರೆ ವ್ಯಾಪಾರಕ್ಕೆ ಒಪ್ಪಿದಂತಾಗುತ್ತದೆ ಎಂಬ ಜಾತಿಯ ಮನುಷ್ಯ.

ವ್ಯಾಪಾರಿಯನ್ನು ಪಕ್ಕಕ್ಕೆ ತುರುಕಿಕೊಂಡು ನಾಲ್ಕು ಮೈಲಿ ಓಡಿಸಿದೆ. ರಾಗಿ ಹೊಲಗಳ ನಡುವಿನ ನೇರ ರಸ್ತೆ. ಸ್ವಲ್ಪ ಜೋರು ಬಿಟ್ಟೆ. ಆ ದಪ್ಪ ಮನುಷ್ಯ ಗಾಳಿಗೆ ಬಾಯಿ ತೆರೆದು ಕೂತಿದ್ದ. ವಾಪಸು ತಿರುಗಿಸುವಾಗ ಕೇಳಿದ:

‘ಇದ್ರಲ್ಲಿ ಮೂಟೆ ಮಡಗಾಕೆ ಎಲ್ಲೂ ಜಾಗ ಇಲ್ವಾ?’

ಕೆಟ್ಟೆ ಎಂದುಕೊಂಡೆ. ‘ಇಲ್ಲ ಅಣ್ಣ.’

‘ಒಂದೇ ಒಂದು ಮೂಟೇನೂ?’

‘ಒಂದು ಚೀಲಾನೂ ಆಗಕಿಲ್ಲ.’

‘ಅಷ್ಟ್ ಸಾಕು ಕಣಪ್ಪ’ ಅಂದ. ‘ಹುಟ್ದಾಗಿಂದ ಕಾಯ್ ಮೂಟೆ ಪಕ್ಕ ಕುಂತೇ ಓಗಿದೀನಿ. ಜೀಪಲ್ಲೂ ಮೂಟೆ, ವ್ಯಾನಲ್ಲೂ ಮೂಟೆ. ಮದ್ವೆಗೆ ಓದಾಗ್ಲೂ ಕಾಲ್ ಬುಡ್ದಲ್ಲಿ ಕಾಯಿ.’

ನನ್ನ ಪತ್ರಿಕೆಯ ಸೂತ್ರದಲ್ಲಿ ಇದಕ್ಕೆ ಎಷ್ಟು ಕೂಡಬೇಕೆಂದು ಬರೆದಿರಲಿಲ್ಲ.

ಟೀ ಅಂಗಡಿಯ ಮುಂದೆ ಅಷ್ಟರಲ್ಲಿ ಇಪ್ಪತ್ತು ಜನ ಸೇರಿದ್ದರು. ದಲ್ಲಾಳಿ ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದ: ‘ಒಂದ್ ಬೆಟ್ಟು ಅಂದ್ರೆ ಅತ್ ಸಾವ್ರ, ಅರ್ಧ ಬೆಟ್ಟು ಐದು. ಅವನ್ಗೂ ಯೋಳಿವ್ನಿ. ಒಪ್ಗೆ ಆದ್ರೆ ಕೈ ಗಟ್ಯಾಗ್ ಹಿಡ್ಕ, ಆಗ್ದಿದ್ರೆ ಕೊಡವು.’

ಎತ್ತಿನ ವ್ಯಾಪಾರ ನೋಡಿದವರಿಗೆ ಇದು ಗೊತ್ತು. ಕೈ ಮೇಲೆ ಟವಲು ಮುಚ್ಚಿ, ಅದರೊಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಅಂಕಿ ಆ ಎರಡು ಕೈಗಳಿಗೆ ಮಾತ್ರ. ನಾನೂ ಚಿಕ್ಕಂದಿನಿಂದ ನೋಡಿದ್ದೆ, ಯಾಕೆಂದು ಮಾತ್ರ ಯಾವತ್ತೂ ಕೇಳಿಕೊಂಡಿರಲಿಲ್ಲ.

ದಲ್ಲಾಳಿ ವ್ಯಾಪಾರಿಯ ಕೈ ಮುಚ್ಚಿ ಏನೋ ಹಿಡಿದು, ನನ್ನ ಹತ್ತಿರ ಬಂದು ನನ್ನ ಕೈ ಮುಚ್ಚಿದ. ಮೂರು ಬೆರಳು. ಕೊಡವಿದೆ. ಮತ್ತೆ ಹೋಗಿ ಬಂದ. ನಾಲ್ಕು. ಕೊಡವಿದೆ. ಅಲ್ಲಿಗೆ ಹೋಗಿ ಈ ಸಲ ಬಹಳ ಹೊತ್ತು ನಿಂತ. ವ್ಯಾಪಾರಿ ಕಾರನ್ನೇ ನೋಡುತ್ತಿದ್ದ. ದಲ್ಲಾಳಿ ವಾಪಸು ಬಂದು ನನ್ನ ಐದು ಬೆರಳನ್ನೂ ಒಟ್ಟಿಗೆ ಹಿಡಿದ. ಬಿಟ್ಟ. ಆಮೇಲೆ ತೋರುಬೆರಳೊಂದನ್ನೇ ಮತ್ತೆ ಹಿಡಿದ.

ಐದು, ಮೇಲೊಂದು. ಶೆಡ್ಡು, ಕಂಪ್ರೆಸರು, ಸ್ಪ್ಯಾನರು, ಬೋರ್ಡು ಬರೆಸುವ ಖರ್ಚು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು.

‘ಅರವತ್ ಸಾವ್ರಾನಾ?’

ಟೀ ಸೋಸುತ್ತಿದ್ದವನ ಕೈ ನಿಂತಿತು. ದಲ್ಲಾಳಿ ಕಣ್ಣು ಮುಚ್ಚಿಕೊಂಡ. ವ್ಯಾಪಾರಿಯ ಅಣ್ಣ ನಿಧಾನವಾಗಿ ತಮ್ಮನ ಕಡೆ ತಿರುಗಿದ.

‘ಅರವತ್ತಾ? ಇಪ್ಪತ್ತೋ ಮೂವತ್ತೋ ಆಯ್ತದೆ ಅಂದ್ಯಲ್ಲಾ ಮನೇಲಿ? ಮೂಟೆ ಮಡಗಾಕಾಗ್ದಿರೋ ಗಾಡಿಗೆ ಅರವತ್ತಾ?’

ಸುತ್ತ ನಿಂತವರಲ್ಲಿ ಯಾರೋ, ‘ಅರವತ್ ಸಾವ್ರುಕ್ಕೆ ತಲೆ ಮ್ಯಾಲೆ ಬಟ್ಟೆ ಕಟ್ಕಂಡ್ ಓಗ್ಬೇಕಾ’ ಅಂದರು. ಅಣ್ಣ ತಮ್ಮ ಇಬ್ಬರೂ ಬಂದ ಜೀಪು ಹತ್ತಿ ಹೋದರು. ಹೋಗುವಾಗ ವ್ಯಾಪಾರಿ ಹಿಂದಿನ ಸೀಟಿನಲ್ಲಿ, ಎರಡು ಮೂಟೆಗಳ ನಡುವೆ ಕೂತಿದ್ದ.

ದಲ್ಲಾಳಿ ಟವಲನ್ನು ನನ್ನ ಮುಖದ ಮುಂದೆ ಆಡಿಸಿದ. ‘ಬಾಯಲ್ಲೇ ಯೋಳಂಗಿದ್ರೆ ಇದ್ಯಾತಕ್ಲಾ? ನಿನ್ ಮೂಗೊರ್ಸಾಕಾ? ಐವತ್ ವರ್ಸದಲ್ಲಿ ಒಂದ್ ಎತ್ತೂ ಇಂಗ್ ಮಾಡ್ಲಿಲ್ವಲ್ಲೋ.’

ಚಿಕ್ಕಪ್ಪ, ಕ್ರೋಟನ್ ಗಿಡದಲ್ಲಿ ಕೆಂಪು ಎಲೆಯದೂ ಬರುತ್ತದೆಯಂತೆ, ಕಾರಿಗೆ ಒಪ್ಪುತ್ತದೆ ಅಂದರು.

ಟವಲು ಯಾಕಿದೆಯೆಂದು ಆ ದಾರಿಯುದ್ದಕ್ಕೂ ನನಗೆ ಅರ್ಥವಾಗುತ್ತ ಬಂತು. ನಾನು ಅದನ್ನು ಮಾರುವವನ ಗುಟ್ಟು ಎಂದುಕೊಂಡಿದ್ದೆ. ಅದು ಕೊಳ್ಳುವವನ ಮಾನ. ಒಂದು ವಸ್ತು ಎಷ್ಟು ಬೇಕು ಅನ್ನಿಸಿತು ಎಂಬುದನ್ನು ಊರ ಮುಂದೆ, ಮನೆಯವರ ಮುಂದೆ ಹೇಳಲಾರದವನು ಬೆರಳಲ್ಲಿ ಹೇಳುತ್ತಾನೆ. ನಾನು ಅವನ ಪಂಚೆ ಎಳೆದಿದ್ದೆ.

ಗುರುವಾರ ಇಡೀ ದಿನ ದಲ್ಲಾಳಿಯ ಮನೆಯ ಜಗುಲಿಯಲ್ಲಿ ಕೂತೆ. ಆತ ಊಟ ಮಾಡಿದ, ಮಲಗಿದ, ಎದ್ದ, ಎಲೆಯಡಿಕೆ ಹಾಕಿದ. ಸಂಜೆ ಬಾಯಿ ಬಿಟ್ಟ. ‘ಬಾಯಿಂದ ಬಿದ್ದಿದ್ನ ಬಾಯಿಂದ್ಲೇ ಎತ್ಬೇಕು. ಅವ್ನ ಮಂಡಿ ಮುಂದೆ, ಅವ್ರಣ್ಣನ್ ಮುಂದೆ, ನಿನ್ ಮರ್ವಾದೆ ಕಳ್ಕತೀಯಾ?’

‘ನಂಗೆಲ್ಲೈತೆ?’ ಅಂದೆ.

‘ಅಂಗಾರೆ ಶನಿವಾರ ಬಾ.’

ಶನಿವಾರ ಬೆಳಿಗ್ಗೆ ನಾಗಮಂಗಲದ ಆ ಮಂಡಿಯ ಮುಂದೆ ಕಾರು ನಿಲ್ಲಿಸಿದಾಗ ಕಾಯಿ ಸುಲಿಯುವವರೆಲ್ಲ ಕೆಲಸ ಬಿಟ್ಟು ಬಂದರು. ಅಣ್ಣ ಗಲ್ಲಾದ ಮೇಲೆ ಕೂತಿದ್ದ. ತಮ್ಮ ತಲೆ ಎತ್ತಲಿಲ್ಲ. ನಾನು ಕೈ ಮುಗಿದು, ದಲ್ಲಾಳಿ ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸಿದೆ.

‘ತಪ್ಪಾಯ್ತು ಯಜಮಾನ್ರೆ. ನಂಗೆ ಬೆಟ್ಟಿನ್ ಲೆಕ್ಕ ಬರಕಿಲ್ಲ. ನಾನೇ ಆಸೆ ಬುದ್ದೀಲಿ ಅರವತ್ತು ಅಂದ್ಕಂಡೆ. ನಿಮ್ ತಮ್ಮನೋರು ಅಷ್ಟ್ ಬೆಟ್ಟು ಹಿಡ್ದಿರ್ಲೇ ಇಲ್ಲ. ಮೂವತ್ತಕ್ಕೆ ತಕ್ಕಳಿ.’

ಅಣ್ಣನ ಮುಖದಲ್ಲಿ ಮೂರು ದಿನದಿಂದ ಕಟ್ಟಿದ್ದ ಮೋಡ ಚದುರಿತು. ಚದುರಿದ್ದೇ ತಡ, ಚೌಕಾಶಿಗೆ ಇಳಿದ. ‘ಮೂವತ್ಯಾಕೆ? ಒಂದ್ ಕಣ್ಣು ಟ್ರಾಕ್ಟರ್ದು, ಇನ್ನೊಂದ್ ಕಣ್ಣು ಬೇರೆ. ಮೆಳ್ಳೆಗಣ್ಣಿನ್ ಗಾಡಿ. ಇಪ್ಪತ್ತೈದು.’

‘ಇಪ್ಪತ್ತೊಂಬತ್ತು.’

‘ಈ ಝಾಲ್ರಿ ನೋಡು, ತಿಥಿ ಶಾಮಿಯಾನ ಇದ್ದಂಗದೆ. ಇಪ್ಪತ್ತೆಂಟು. ಅದ್ರ್ ಮ್ಯಾಲೆ ಒಂದ್ ಕಾಸು ಕೇಳಿದ್ರೆ ತಳ್ಕಂಡ್ ಓಗು.’

ಎರಡು ವರ್ಷದ ಕೆಲಸದ ಬೆಲೆ ಜನರ ಮುಂದೆ ಇಳಿಯುತ್ತ ಹೋಗುವುದನ್ನು ನಿಂತು ಕೇಳಿದೆ. ಕಾಯಿ ಸುಲಿಯುವವರು ನಗುತ್ತಿದ್ದರು. ಅಷ್ಟರಲ್ಲಿ ದಲ್ಲಾಳಿ, ಶಾಸ್ತ್ರಕ್ಕೆ ಕೈ ಸೇರಿಸಿಬಿಡೋಣ ಎನ್ನುತ್ತ ನನ್ನ ಮತ್ತು ತಮ್ಮನ ಕೈಗಳನ್ನು ಜೋಡಿಸಿ ಟವಲು ಹೊದಿಸಿದ. ಒಳಗೆ ದಪ್ಪ ಬೆರಳುಗಳು ನನ್ನ ಐದು ಬೆರಳನ್ನೂ ಹಿಡಿದವು, ಬಿಟ್ಟವು. ಮತ್ತೆ ತೋರುಬೆರಳಿಗೆ ಬಂದವು. ಈ ಸಲ ಮೊದಲನೇ ಗೆಣ್ಣಿನವರೆಗೆ ಮಾತ್ರ. ಐವತ್ತೈದು. ಕಡಿಮೆಯಾದ ಅರ್ಧ ಬೆರಳು ನನ್ನ ಬಾಯಿಗೆ ಬಿದ್ದ ದಂಡ. ಗಟ್ಟಿಯಾಗಿ ಹಿಡಿದುಕೊಂಡೆ.

‘ಇಪ್ಪತ್ತೆಂಟು’ ಎಂದು ದಲ್ಲಾಳಿ ಮಂಡಿಗೆಲ್ಲ ಕೇಳುವಂತೆ ಸಾರಿದ.

ಅಣ್ಣ ಇಪ್ಪತ್ತೆಂಟು ಸಾವಿರವನ್ನು ಗಲ್ಲಾದಿಂದ ಕೊಟ್ಟ. ಉಳಿದದ್ದನ್ನು ತಮ್ಮ ಮಂಡಿಯ ಹಿಂದಿನ ಕೋಣೆಯಲ್ಲಿ, ಕೊಬ್ಬರಿ ಚೀಲವೊಂದರ ತಳದಿಂದ ತೆಗೆದುಕೊಟ್ಟ. ಇದನ್ನು ಬರೆಯುವ ಧೈರ್ಯ ಬಂದಿರುವುದು ಆ ಅಣ್ಣತಮ್ಮಂದಿರು ಈಗ ಬೇರೆಯಾಗಿರುವುದರಿಂದ, ಕಾರಿಗಲ್ಲ, ಬೋರ್‌ವೆಲ್ಲಿಗೆ.

ಬಸ್ಸಿನಲ್ಲಿ ಪಾಂಡವಪುರಕ್ಕೆ ಬಂದೆ. ಸುದ್ದಿ ನನಗಿಂತ ಮೊದಲಿನ ಬಸ್ಸಿನಲ್ಲಿ ಬಂದಿತ್ತು. ಚಿಕ್ಕಪ್ಪ ಬಾಗಿಲಲ್ಲೇ ನಿಂತಿದ್ದರು. ‘ಮೂರ್ ಸಾವ್ರ ಉಳೀತು ನಿಂಗೆ. ಅದ್ರಲ್ಲಿ ವರ್ಕ್‌ಸಾಪ್ ಮಾಡ್ತೀಯಾ, ಬೀಡಾ ಅಂಗ್ಡಿ ಮಾಡ್ತೀಯಾ?’ ನಾನು ಒಳಗೆ ಕರೆದುಕೊಂಡು ಹೋಗಿ ಗಂಟು ಬಿಚ್ಚಿ ತೋರಿಸಿದೆ. ಅವರು ನೋಟನ್ನು ನೋಡಿದರು, ನನ್ನನ್ನು ನೋಡಿದರು. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದು ತಮ್ಮ ಪಾಲು ತೆಗೆದುಕೊಂಡರು. ಆಮೇಲೆ ಹೊರಗೆ ಹೋಗಿ, ಬೀದಿಗೆಲ್ಲ ಕೇಳುವಂತೆ ನನ್ನನ್ನು ಹತ್ತು ನಿಮಿಷ ಬೈದರು. ಚೆನ್ನಾಗಿ ಬೈದರು, ಅವರಿಗೂ ಅದು ಹಿಡಿಸಿದಂತಿತ್ತು.

ಶೆಡ್ಡು ತೆರೆದ ಮೊದಲ ದಿನ ಮೊಪೆಡ್ಡು ತಳ್ಳಿಕೊಂಡು ಒಬ್ಬ ಪ್ರೈಮರಿ ಸ್ಕೂಲಿನ ಮೇಷ್ಟರು ಬಂದರು. ಕಾರ್ಬೊರೇಟರ್ ಬಿಚ್ಚಿ ತೊಳೆದೆ, ಕೇಬಲ್ ಬದಲಾಯಿಸಿದೆ, ಪ್ಲಗ್ ಹಾಕಿದೆ. ನೂರಾ ನಲವತ್ತು ಅಂದೆ.

ಮೇಷ್ಟರು ಎಪ್ಪತ್ತು ರೂಪಾಯಿ ಎಣಿಸಿ ಬೆಂಚಿನ ಮೇಲಿಟ್ಟರು.

‘ಸಾರ್, ನೂರಾ ನಲವತ್ತು.’

‘ಅರವತ್ತು ಅಂದು ಇಪ್ಪತ್ತೆಂಟಕ್ಕೆ ಕೊಟ್ಟೋನಲ್ವೇನಪ್ಪ ನೀನು’ ಅಂದರು ಅವರು, ಮೊಪೆಡ್ಡು ಹತ್ತುತ್ತ. ‘ಆ ಲೆಕ್ಕುದಲ್ಲಿ ನಾನು ಜಾಸ್ತೀನೇ ಕೊಟ್ಟಿವ್ನಿ.’

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಸಂಜೆಯ ಬಸ್ಸಿಗೆ ಅದು ನಾಗಮಂಗಲ ಮುಟ್ಟುತ್ತಿತ್ತು. ಎಪ್ಪತ್ತನ್ನು ಜೇಬಿಗೆ ಹಾಕಿಕೊಂಡು, ಚೈನು ಸ್ವಲ್ಪ ಸಡಿಲ ಇದೆ, ಹದಿನೈದು ದಿನ ಬಿಟ್ಟು ಬನ್ನಿ ಸಾರ್ ಅಂದೆ.