ಪದ್ಮಕ್ಕನ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ

ಪದ್ಮಕ್ಕ ಮದುವೆ ಅಳಿಸುತ್ತಿರಲಿಲ್ಲ. ನಜರ್‌ಬಾದಿನ ತಮ್ಮ ಮನೆಯ ಬೀದಿಬದಿಯ ಕೋಣೆಯಲ್ಲಿ ಕೂತು ಊರವರ ಲಗ್ನಪತ್ರಿಕೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಕೊಡುವುದು ಅವರ ಕೆಲಸ. ಪತ್ರಿಕೆ ಅಚ್ಚಾಗಿ, ಮದುವೆ ಮುಗಿದು, ಮಗುವಿನ ನಾಮಕರಣದ ಕಾರ್ಡೂ ಅವರಲ್ಲೇ ತಯಾರಾದರೂ ಹಳೆಯ ಫೈಲನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಡಿಲೀಟ್ ಮಾಡ್ಬಾರ್ದು ಕಣೆ, ಆ ಮನೆಗೆ ಒಳ್ಳೇದಲ್ಲ" ಎನ್ನುತ್ತಿದ್ದರು. ಪಕ್ಕದ ಮನೆಯಲ್ಲಿದ್ದು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು ನಕ್ಕರೆ, "ನಿನ್ ಮದ್ವೇದೂ ಇದ್ರಲ್ಲೇ ಇದೆ, ನೋಡ್ಕೊ" ಎಂದು ಹೆದರಿಸುತ್ತಿದ್ದರು.

ಒಮ್ಮೆ ಒಬ್ಬ ವರನ ತಂದೆ ಎರಡನೆಯ ಸಲ ಬಂದರು. ವರ ಅವನೇ; ಮೊದಲ ಸಂಬಂಧ ಮುರಿದು ಹೊಸ ಹುಡುಗಿ ಗೊತ್ತಾಗಿದ್ದಳು. "ಹಳೇದ್ರಲ್ಲೇ ಹುಡ್ಗಿ ಹೆಸ್ರು, ತಾರೀಕು ಬದ್ಲಾಯಿಸ್ಬುಡಿ ಮೇಡಂ, ಮಿಕ್ಕಿದ್ದೆಲ್ಲ ಅದೇಯ" ಎಂದರು. ಪದ್ಮಕ್ಕ ಕನ್ನಡಕ ತೆಗೆದು ಅವರನ್ನೇ ದಿಟ್ಟಿಸಿದರು. "ಆ ಮಗು ಹೆಸ್ರಿನ ಮೇಲೆ ಈ ಮಗು ಹೆಸ್ರು ಕೂರ್ಸೋಕಾಗಲ್ಲ ಕಣ್ರೀ." ಗಣಪತಿಯ ಶ್ಲೋಕದಿಂದ ಹಿಡಿದು ಬಂಧುಮಿತ್ರರವರೆಗೆ ಎಲ್ಲವನ್ನೂ ಹೊಸದಾಗಿ ಟೈಪ್ ಮಾಡಿಕೊಟ್ಟರು.

ಹೀಗಿದ್ದ ಮೇಲೆ ಆ ಮುದಿ ಕಂಪ್ಯೂಟರ್ ಎಷ್ಟು ದಿನ ತಡೆದೀತು? ಅವರಿಗೆ ಕೆಲಸ ಕೊಡುತ್ತಿದ್ದ ಪ್ರೆಸ್ಸಿನವರು ಹೊಸ ಸಾಫ್ಟ್‌ವೇರಿಗೆ ಬದಲಾದರು. ಸೋಮವಾರದಿಂದ ಅದರಲ್ಲೇ ಕಳಿಸಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಗಂಡ ರಾಯರು ತೀರಿಕೊಂಡ ಮೇಲೆ ಪದ್ಮಕ್ಕನ ಜೀವನ ನಡೆಯುತ್ತಿದ್ದುದೇ ಇದರಿಂದ. ಶುಕ್ರವಾರ ಸಂಜೆ ನಾನೇ ಇನ್‌ಸ್ಟಾಲ್ ಮಾಡಲು ಕೂತೆ. ಅರ್ಧಕ್ಕೇ ನಿಂತಿತು. ಡಿಸ್ಕಿನಲ್ಲಿ ಜಾಗವಿಲ್ಲವಂತೆ. ಬೇಡದ್ದನ್ನೆಲ್ಲ ಗುಡಿಸಿ ಹಾಕಿದೆ, ಸಾಲಲಿಲ್ಲ. ಕೊನೆಗೆ ಉಳಿದದ್ದು ದೇವರ ಚಿತ್ರ, ಬಾರ್ಡರು, ಫೋಟೊಗಳಿಂದ ದಪ್ಪಗಾಗಿದ್ದ ಆ ಮದುವೆಗಳು, ಮತ್ತು ರಾಯರ ಅರವತ್ತರ ಶಾಂತಿಯ ವಿಡಿಯೊ.

ಆ ವಿಡಿಯೊವನ್ನು ನಾನೂ ನೋಡಿದ್ದೆ. ರಾಯರು ಪಂಕ್ತಿಯ ನಡುವೆ ಓಡಾಡುತ್ತ ಒಬ್ಬೊಬ್ಬರನ್ನೂ ಗದರಿ ಹೋಳಿಗೆ ಹಾಕಿಸುತ್ತಿದ್ದರು. ಅವರ ದನಿ ಉಳಿದಿದ್ದುದು ಅದೊಂದರಲ್ಲೇ. ಮೂಲ ಸಿ.ಡಿ. ಎಂದೋ ಕೆಟ್ಟುಹೋಗಿತ್ತು.

"ಯಾವ್ದನ್ನೂ ಮುಟ್ಬೇಡಿ ಪದ್ಮಕ್ಕ. ನಾಳೆ ಸ್ಕೂಲಿಂದ ಬೇರೆ ಡಿಸ್ಕ್ ತರ್ತೀನಿ, ಎಲ್ಲಾ ಅದಕ್ಕೆ ಹಾಕಿಡೋಣ" ಎಂದೆ.

"ನಾನ್ಯಾಕೆ ಮುಟ್ಲಿ? ಕಾಫಿ ಆರೋಗತ್ತೆ, ಕುಡಿ."

ಮರುದಿನ ಮಧ್ಯಾಹ್ನ ಡಿಸ್ಕ್ ಹಿಡಿದು ಹೋದರೆ ಪರದೆಯ ಮೇಲೆ ಹೊಸ ಸಾಫ್ಟ್‌ವೇರ್ ತೆರೆದಿತ್ತು. ಪದ್ಮಕ್ಕ ಟೈಪ್ ಮಾಡುತ್ತಿದ್ದರು.

"ಏನು ತೆಗೆದ್ರಿ?"

"ನಮ್ಮನೇದು."

"ರಿಸೈಕಲ್ ಬಿನ್ನಲ್ಲಿ ಇದ್ಯಲ್ಲ?"

"ಅದನ್ನೂ ಖಾಲಿ ಮಾಡ್ದೆ. ಇಲ್ದಿದ್ರೆ ಜಾಗ ಆಗ್ತಿರ್ಲಿಲ್ಲ."

ಅಳಿಸಿದ ಜಾಗದಲ್ಲಿ ಹೊಸದು ಬಂದು ಕೂತಾಗಿತ್ತು. ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಯಾವುದರಲ್ಲೂ ತೆರೆಯದ ಒಂದೆರಡು ಚೂರು ಸಿಕ್ಕವು, ಅಷ್ಟೇ. ಸಿಟ್ಟು ನೆತ್ತಿಗೇರಿತು. "ಒಂದು ಹೊತ್ತು ಕಾಯೋಕೆ ಏನಾಗಿತ್ತು ನಿಮಗೆ?" ಎಂದು ಕೂಗಾಡಿದೆ.

"ಪ್ರೆಸ್ಸಿನೋರು ಬೆಳಿಗ್ಗೇನೇ ಫೋನ್ ಮಾಡಿದ್ರು ಕಣೆ. ಯಾವ್ದೋ ಅರ್ಜೆಂಟ್ ಕಾರ್ಡು, ಆಗಲ್ಲ ಅಂದ್ರೆ ಈಗ್ಲೇ ಹೇಳಿ ಅಂದ್ರು. ಬೇರೆಯೋರ ಮದ್ವೆ ಅಳ್ಸೋಕೆ ನಾನ್ಯಾರು? ಇದು ನಮ್ದು. ಅಳ್ಸಿದ್ರೆ ಯಾರಿಗೂ ಕೆಟ್ಟದ್ದಾಗಲ್ಲ. ರಾಯರು ಹೆಂಗೂ ಹೋಗಿದಾರಲ್ಲ."

ನಗಲೂ ಇಲ್ಲ, ಅಳಲೂ ಇಲ್ಲ. ವಧುವಿನ ಸೋದರತ್ತೆಯ ಹೆಸರು ಟೈಪ್ ಮಾಡತೊಡಗಿದರು. ಇಂಥ ಹೆಂಗಸನ್ನು ಮೆಚ್ಚಬೇಕೋ, ಹಿಡಿದು ಅಲ್ಲಾಡಿಸಬೇಕೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕೆಲಸ ಅವರ ಕೈಯಲ್ಲೇ ಉಳಿಯಿತು. ಮುಂದಿನ ವರ್ಷ ಪದ್ಮಕ್ಕ ನಿದ್ದೆಯಲ್ಲೇ ಹೋಗಿಬಿಟ್ಟರು. ಅದಕ್ಕೆ ಕೆಲವು ದಿನ ಮುಂಚೆ ಯಾವುದೋ ಪತ್ರಿಕೆಯ ಕರಡು ನೋಡಲು ನನ್ನನ್ನು ಕರೆದಿದ್ದರು. ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವರು ತಿದ್ದುತ್ತಿದ್ದರು. ನಡುವೆ ಕೈ ನಿಲ್ಲಿಸಿದರು.

"ರಾಯರು ನನ್ನ ಹ್ಯಾಗೆ ಕರೀತಿದ್ರು ಸುಮಾ?"

"ಪದ್ದೂ ಅಂತ."

"ಅದು ಗೊತ್ತು ಕಣೆ. ದನಿ ಹ್ಯಾಗಿತ್ತು? ಬೆಳಿಗ್ಗೆಯಿಂದ ಜ್ಞಾಪಕ ಮಾಡ್ಕೋತಿದೀನಿ, ಬರ್ತಾನೇ ಇಲ್ಲ."

ಕರೆದು ತೋರಿಸೋಣವೆಂದು ಬಾಯಿ ತೆರೆದೆ. ನನಗೂ ಬರಲಿಲ್ಲ.